ಡಾಲರ್ 90 ದಾಟಿದರೆ ನಮ್ಮ ಪ್ಯಾಟಿಗೆ ಏನಾಗತೈತಿ? ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಮಂದಿ ಈಗಲೇ ನೋಡಿಕೊಳ್ಳಬೇಕಾದ ಲೆಕ್ಕ

ಬಾಗಲಕೋಟೆ: 2025ರ ಡಿಸೆಂಬರ್ ಮೊದಲ ವಾರ ಒಂದು ಡಾಲರಿಗೆ 90 ರೂಪಾಯಿ ದಾಟಿತು. ‘ನಮ್ಮ ಕಿಸೆದಾಗ ಡಾಲರ್ ಇಲ್ಲ, ನಮಗ್ಯಾಕ ಬೇಕ್ರಿ ಅದರ ಉಸಾಬರಿ’ ಎನ್ನುವವರೇ ನಮ್ಮಲ್ಲಿ ಹೆಚ್ಚು. ಆದರೆ ಅಡುಗೆ ಎಣ್ಣೆಯ ಡಬ್ಬಿ, ಡಿಎಪಿ ಚೀಲ, ತೊಲೆ ಬಂಗಾರ, ಇಳಕಲ್ಲಿನ ಕೆಂಪು ಕಲ್ಲು ಎಲ್ಲವೂ ಕೊನೆಗೆ ಡಾಲರಿನ ಲೆಕ್ಕಕ್ಕೇ ಬಂದು ನಿಲ್ಲುವ ಸರಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ರೂಪಾಯಿ ಇಳಿದಾಗ ಎಲ್ಲರೂ ತುಟ್ಟಿಯ ಚಿಂತೆ ಮಾಡುತ್ತಾರೆ. ತಾಲ್ಲೂಕು ಊರುಗಳ ಪ್ಯಾಟಿಯನ್ನು ಕೆಡಿಸುವುದು ತುಟ್ಟಿಗಿಂತ ಹೆಚ್ಚಾಗಿ ರೊಕ್ಕದ ಓಡಾಟ ನಿಲ್ಲುವುದು. ಕೊಟ್ಟ ಉದ್ರಿ ತಿರುಗಿ ಬರುವುದಿಲ್ಲ, ಮಾಡಿದ ಕೆಲಸದ ಬಿಲ್ ಪಾಸಾಗುವುದಿಲ್ಲ, ಸಂಘದಲ್ಲಿಟ್ಟ ಠೇವಣಿ ಕೇಳಿದ ದಿನ ಸಿಗುವುದಿಲ್ಲ. ತಯಾರಿ ಅಂದರೆ ಇದಕ್ಕೆ ತಯಾರಿ. ಹತ್ತು ಡಬ್ಬಿ ಎಣ್ಣೆ ತಂದು ಅಟ್ಟಕ್ಕೆ ಹಾಕುವುದಲ್ಲ.

ರೂಪಾಯಿ ಹಿಂದೆಯೂ ಬಿದ್ದಿದೆ

1966ರ ಜೂನ್ 6ರಂದು ಸರ್ಕಾರವೇ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. 1991ರ ಜುಲೈನಲ್ಲಿ ಮೂರು ದಿನದೊಳಗೆ ಎರಡು ಸಲ ಇಳಿಸಿ, 21ರ ಆಸುಪಾಸು ಇದ್ದದ್ದನ್ನು 26ರ ಸಮೀಪಕ್ಕೆ ತಂದರು. ಅದೇ ತಿಂಗಳು ರಿಸರ್ವ್ ಬ್ಯಾಂಕ್ 47 ಟನ್ ಬಂಗಾರವನ್ನು ಹೊರದೇಶಕ್ಕೆ ಕಳಿಸಿ ಒತ್ತೆ ಇಟ್ಟಿತು. 2013ರ ಮೇ ತಿಂಗಳಲ್ಲಿ 54ರ ಹತ್ತಿರ ಇದ್ದ ಡಾಲರ್, ಆಗಸ್ಟ್ 28ಕ್ಕೆ 68 ದಾಟಿತ್ತು. 2022ರ ಅಕ್ಟೋಬರಿನಲ್ಲಿ 83 ಕಂಡಿತು. ಅಂದರೆ ಇದು ಲೋಕ ಮುಳುಗುವ ಸುದ್ದಿಯೇನಲ್ಲ. ಹಾಗಂತ ಪ್ರತಿ ಸಲವೂ ಯಾರೋ ಒಂದಿಷ್ಟು ಮಂದಿಯ ಅಂಗಡಿ ಬಾಗಿಲು ಮುಚ್ಚಿಸಿಯೇ ಹೋಗಿದೆ.

ಇನ್ನೂ ಹಿಂದಿನ ಕಥೆ ಬೇಕಾದರೆ ಕಲಾದಗಿಯದು ಇದೆ. ರೂಪಾಯಿ ಬೆಳ್ಳಿಯದಾಗಿದ್ದ ಕಾಲದಲ್ಲಿ, 1870ರ ದಶಕದಿಂದ ಲೋಕದಲ್ಲಿ ಬೆಳ್ಳಿಯ ಬೆಲೆ ಕುಸಿಯತೊಡಗಿತು. ಎರಡು ಶಿಲ್ಲಿಂಗಿನ ಆಸುಪಾಸು ಇದ್ದ ರೂಪಾಯಿ 1890ರ ದಶಕದ ಆರಂಭಕ್ಕೆ ಒಂದೂಕಾಲು ಶಿಲ್ಲಿಂಗಿಗೆ ಇಳಿಯಿತು. ಅದೇ ಅವಧಿಯಲ್ಲಿ, 1876ರಿಂದ 78ರವರೆಗಿನ ಬರ ನಮ್ಮ ಭಾಗವನ್ನು ಹಿಂಡಿಹಾಕಿತು. ಆಗ ಈ ಸೀಮೆಗೆ ಕಲಾದಗಿ ಜಿಲ್ಲೆ ಎಂದೇ ಹೆಸರು. ಬರಕ್ಕೆ ಕಾರಣ ಮಳೆ, ರೂಪಾಯಿ ಅಲ್ಲ. ಆದರೆ ಅದು ತೋರಿಸಿಕೊಟ್ಟ ಒಂದು ಸಂಗತಿ ಇವತ್ತಿಗೂ ಹಾಗೇ ಇದೆ. ಜೋಳ ತುಟ್ಟಿಯಾದ ಕೂಡಲೇ ಮಂದಿ ಸೀರೆ ಕೊಳ್ಳುವುದನ್ನು ಬಿಟ್ಟರು. ನೇಕಾರನ ಮನೆಯಲ್ಲಿ ಮಗ್ಗ ಇತ್ತು, ನೂಲೂ ಇತ್ತು. ಗಿರಾಕಿ ಇರಲಿಲ್ಲ.

ಯಾವುದು ತುಟ್ಟಿ ಆಗತೈತಿ, ಎಷ್ಟು?

ಡಾಲರ್ 83ರಿಂದ 90ಕ್ಕೆ ಏರಿತು ಅಂದರೆ ಹೊರದೇಶದಿಂದ ಬರುವ ಸರಕಿನ ಮೂಲ ಬೆಲೆ ರೂಪಾಯಿಯಲ್ಲಿ ಶೇ 8ಕ್ಕಿಂತ ಸ್ವಲ್ಪ ಹೆಚ್ಚು ಏರಿದಂತೆ. ಅದು ಗಿರಾಕಿಗೆ ಪೂರ್ತಿ ಬಂದು ತಟ್ಟುವುದಿಲ್ಲ, ನಡುವೆ ಸರ್ಕಾರದ ಸುಂಕ, ಸಬ್ಸಿಡಿ, ಕಂಪನಿಯ ಲಾಭ ಎಲ್ಲ ಆಡುತ್ತವೆ. ಆದ್ದರಿಂದ ‘ಡಾಲರ್ ಏರೈತಿ, ಅದಕ್ಕ ರೇಟ್ ಏರೈತಿ’ ಎಂದು ಸಗಟು ವ್ಯಾಪಾರಿ ಹೇಳಿದರೆ ಒಮ್ಮೆ ಲೆಕ್ಕ ಕೇಳಬಹುದು.

ಅಡುಗೆ ಎಣ್ಣೆ ತಗೊಳ್ರಿ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಪಾಮ್ ಎಣ್ಣೆ ಇಂಡೊನೇಷ್ಯಾ, ಮಲೇಷ್ಯಾದಿಂದ, ಸೂರ್ಯಕಾಂತಿ ಹೆಚ್ಚಾಗಿ ರಷ್ಯಾ, ಉಕ್ರೇನಿನಿಂದ ಬರುತ್ತದೆ. ಟನ್ನಿಗೆ 1,100 ಡಾಲರ್ ಎಂದು ಹಿಡಿದರೆ, 15 ಕಿಲೋ ಡಬ್ಬಿಯ ಮೇಲೆ ಬರೀ ರೂಪಾಯಿ ಇಳಿದ ಕಾರಣಕ್ಕೆ ಸುಮಾರು 115 ರೂಪಾಯಿ ಏರುತ್ತದೆ. ಆದರೆ ಸುಂಕದ ಪೆಟ್ಟು ಇದಕ್ಕಿಂತ ದೊಡ್ಡದು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರವು ಕಚ್ಚಾ ಎಣ್ಣೆಯ ಮೂಲ ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತ್ತು, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಸಿತು. ಕಿರಾಣಿ ಅಂಗಡಿಯವರು ಡಾಲರ್ ದರಕ್ಕಿಂತ ಮೊದಲು ಸುಂಕದ ಸುದ್ದಿ ಓದುವುದು ಒಳ್ಳೆಯದು.

(ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಒಂದು ಕಾಲಕ್ಕೆ ಸೂರ್ಯಕಾಂತಿ ಹಳದಿ ಹಾಸಿದಂತೆ ಇರುತ್ತಿತ್ತು. ಆ ಬೆಳೆ ಬಿಟ್ಟು ನಾವು ಬೇರೆಯದಕ್ಕೆ ಹೋದೆವು, ಈಗ ಅದೇ ಎಣ್ಣೆ ಕಪ್ಪು ಸಮುದ್ರ ದಾಟಿ ಬರಬೇಕು. ಹೊರಗಿನ ಎಣ್ಣೆ ತುಟ್ಟಿಯಾದಾಗೆಲ್ಲ ಗಾಣದ ಕುಸುಬಿ ಎಣ್ಣೆ, ಶೇಂಗಾ ಎಣ್ಣೆಯನ್ನು ಮಂದಿ ಮತ್ತೆ ಕೇಳುತ್ತಾರೆ. ಗಾಣ ಇಟ್ಟವರಿಗೆ ಇದು ಹಂಗಾಮು.)

ಡೀಸೆಲ್ಲಿನ ಮಾತು ಬೇರೆ. ದೇಶದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುವುದು. ಬ್ಯಾರೆಲ್ಲಿಗೆ 70 ಡಾಲರ್ ಇದ್ದರೆ, ರೂಪಾಯಿ 83ರಿಂದ 90ಕ್ಕೆ ಬಿದ್ದದ್ದರಿಂದ ಲೀಟರ್ ಕಚ್ಚಾ ತೈಲಕ್ಕೆ ಮೂರು ರೂಪಾಯಿ ಹೆಚ್ಚುವರಿ ಖರ್ಚು. ಆದರೂ 2023ರಿಂದ 2025ರವರೆಗೆ ಬಂಕಿನ ಬೋರ್ಡು ಡಾಲರಿನ ತಾಳಕ್ಕೆ ಕುಣಿಯಲಿಲ್ಲ. ನಮ್ಮಲ್ಲಿ ದರ ಏರಿದ್ದು 2024ರ ಜೂನ್‌ನಲ್ಲಿ ಸುಮಾರು 3 ರೂಪಾಯಿ, ಡೀಸೆಲ್ಲಿಗೆ 2025ರ ಏಪ್ರಿಲ್‌ನಲ್ಲಿ 2 ರೂಪಾಯಿ. ಎರಡೂ ಸಲ ಕಾರಣ ರಾಜ್ಯದ ಮಾರಾಟ ತೆರಿಗೆ.

ಗೊಬ್ಬರದಲ್ಲಿ ಇನ್ನೊಂದು ಚಮತ್ಕಾರ. ಯೂರಿಯಾ 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ, ಡಿಎಪಿ 50 ಕಿಲೋಗೆ 1,350 ರೂಪಾಯಿ ಎಂದು ವರ್ಷಗಟ್ಟಲೆ ನಿಂತೇ ಇದೆ, ಉಳಿದದ್ದು ಸಬ್ಸಿಡಿ. ಇಲ್ಲಿ ರೂಪಾಯಿಯ ಕುಸಿತ ಬೆಲೆಯಾಗಿ ಕಾಣುವುದಿಲ್ಲ, ಕೊರತೆಯಾಗಿ ಕಾಣುತ್ತದೆ. ತರಿಸುವವನಿಗೆ ಗಿಟ್ಟದಿದ್ದರೆ ಹಡಗು ತಡ, ಹಡಗು ತಡವಾದರೆ ಸೊಸೈಟಿ ಮುಂದೆ ಪಾಳಿ. 2025ರ ಮುಂಗಾರಿನಲ್ಲಿ ರಾಜ್ಯದಲ್ಲಿ ಯೂರಿಯಾಕ್ಕೆ ಆದ ಪರದಾಟ ನೆನಪಿದ್ದವರು ಬಿತ್ತನೆಗೆ ಮೂರು ವಾರ ಮೊದಲೇ ಡಿಎಪಿ ತಂದಿಡುತ್ತಾರೆ. ಮನೆಗೆ ಬೇಕಾದಷ್ಟೇ. ‘ಇದರ ಜತೆ ಇದನ್ನೂ ತಗೊಳ್ರಿ’ ಎಂದು ಬೇಡದ ಸರಕು ಗಂಟುಹಾಕಿದರೆ ಅದು ನಿಯಮಬಾಹಿರ, ರೈತ ಸಂಪರ್ಕ ಕೇಂದ್ರಕ್ಕೆ ದೂರು ಕೊಡಿ.

ಮೊಬೈಲ್, ಟಿವಿ, ಸೋಲಾರ್ ಪ್ಯಾನೆಲ್, ಬೋರ್‌ವೆಲ್ ಮೋಟರಿನ ತಾಮ್ರ ಇವೆಲ್ಲವೂ ಒಂದೆರಡು ತಿಂಗಳು ತಡವಾಗಿ ಏರುತ್ತವೆ. ಕೊಳ್ಳಲೇಬೇಕಾದ್ದು ಇದ್ದರೆ ಕೊಳ್ಳಿ. ಸಾಲ ಮಾಡಿ ಮೊದಲೇ ಕೊಳ್ಳುವಷ್ಟು ಅವಸರವೇನಿಲ್ಲ.

ಇಳಕಲ್: ಒಂದೇ ಊರು, ಎರಡು ಕಸಬು, ಎರಡು ಲೆಕ್ಕ

ರೂಪಾಯಿ ಇಳಿದರೆ ರಫ್ತು ಮಾಡುವವನಿಗೆ ಲಾಭ ಎಂದು ಪುಸ್ತಕ ಹೇಳುತ್ತದೆ. ಇಳಕಲ್ಲಿನ ಗ್ರಾನೈಟ್‌ಗೆ ಇದು ಅರ್ಧ ಖರೇ. ಹತ್ತು ಸಾವಿರ ಡಾಲರಿನ ಕಲ್ಲು ಕಳಿಸಿದವನಿಗೆ 83ರ ದರಕ್ಕೆ 8.3 ಲಕ್ಷ ಬರುತ್ತಿತ್ತು, 90ಕ್ಕೆ 9 ಲಕ್ಷ. ಆದರೆ ಕ್ವಾರಿಯಲ್ಲಿ ಓಡುವ ಯಂತ್ರದ ಬಿಡಿಭಾಗ, ಕಲ್ಲು ಕೊಯ್ಯುವ ಡೈಮಂಡ್ ವೈರು, ಬಂದರಿನವರೆಗಿನ ಲಾರಿ ಬಾಡಿಗೆ, ಹಡಗಿನ ಬಾಡಿಗೆ ಇವೂ ಜತೆಗೇ ಏರುತ್ತವೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಆರ್ಡರ್ ಇದೆಯಾ?

2008ರ ಜನವರಿಯಲ್ಲಿ 39ರ ಆಸುಪಾಸು ಇದ್ದ ಡಾಲರ್ 2009ರ ಮಾರ್ಚ್ ಹೊತ್ತಿಗೆ 51 ದಾಟಿತ್ತು. ಪುಸ್ತಕದ ಪ್ರಕಾರ ಕಲ್ಲಿನ ವ್ಯಾಪಾರಿಗಳಿಗೆ ಸುಗ್ಗಿ ಆಗಬೇಕಿತ್ತು. ಆದರೆ ಅದೇ ಹೊತ್ತಿಗೆ ಅಮೆರಿಕದಲ್ಲಿ ಮನೆ ಕಟ್ಟುವುದೇ ನಿಂತುಹೋಗಿತ್ತು, ಯುರೋಪೂ ಸುಸ್ತಾಗಿತ್ತು. ಮನೆ ಇಲ್ಲದಲ್ಲಿ ಅಡುಗೆಕಟ್ಟೆಗೆ ಕಲ್ಲು ಯಾರು ಹಾಕಿಸುತ್ತಾರೆ? 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಬಹಳಷ್ಟು ಸರಕಿನ ಮೇಲೆ ಶೇ 50ರ ಸುಂಕ ಹಾಕಿದಾಗಲೂ ಇದೇ ಪಾಠ. ರೂಪಾಯಿ ಇಳಿದು ಕೊಟ್ಟ ಶೇ 8ರ ಅನುಕೂಲವನ್ನು ಶೇ 50ರ ಸುಂಕ ಒಂದೇ ಗುಟುಕಿಗೆ ನುಂಗುತ್ತದೆ.

ಕಲ್ಲಿನವರು ಮಾಡಬೇಕಾದ ಕೆಲಸ ಮೂರಿದ್ದರೆ ಹೆಚ್ಚು. ಹೊರದೇಶದ ಗಿರಾಕಿ ರೊಕ್ಕ ಕೊಡದೆ ಕೈಎತ್ತಿದರೆ ಪರಿಹಾರ ಸಿಗಲು ಕೇಂದ್ರ ಸರ್ಕಾರದ ಇಸಿಜಿಸಿ ವಿಮೆ ಇದೆ, ಮಂದಗತಿಯ ಕಾಲದಲ್ಲಿ ಅದರ ಪ್ರೀಮಿಯಂ ಉಳಿಸಲು ಹೋಗಬೇಡಿ. ಮೂರು ತಿಂಗಳ ನಂತರ ಬರುವ ಡಾಲರಿಗೆ ಇವತ್ತೇ ದರ ಗಟ್ಟಿ ಮಾಡಿಕೊಳ್ಳುವ ಫಾರ್ವರ್ಡ್ ಕರಾರಿನ ಬಗ್ಗೆ ಬ್ಯಾಂಕಿನಲ್ಲಿ ಕೇಳಿ. ‘ಇನ್ನೂ ಏರಲಿ, ಆಮೇಲೆ ಮಾರೋಣ’ ಎನ್ನುವುದು ಕಲ್ಲಿನ ವ್ಯಾಪಾರವಲ್ಲ, ಜೂಜು. ಮತ್ತೆ, ಯಂತ್ರಕ್ಕೆ ಹೊಸ ಸಾಲ ಮಾಡುವ ಮೊದಲು ಕೈಯಲ್ಲಿರುವ ಆರ್ಡರ್ ಎಷ್ಟು ತಿಂಗಳಿನದು ಎಂದು ಎಣಿಸಿ.

ಸೀರೆಯ ಲೆಕ್ಕ ತಿರುವುಮುರುವು. ಇಳಕಲ್ ಸೀರೆಗೆ ಜಿಐ ಮಾನ್ಯತೆ ಇದೆ, ಹೆಸರು ದೊಡ್ಡದು, ಆದರೆ ಗಿರಾಕಿ ಇಲ್ಲಿನವರೇ. ಉತ್ತರ ಕರ್ನಾಟಕ, ಮಹಾರಾಷ್ಟ್ರದ ಮನೆಗಳ ಮದುವೆ, ಸೀಮಂತ, ಹಬ್ಬ ಇದ್ದರೆ ಸೀರೆ. ಡಾಲರ್ ಏರಿದ್ದರಿಂದ ಒಂದು ಸೀರೆಯೂ ಹೆಚ್ಚು ಮಾರಾಟವಾಗುವುದಿಲ್ಲ. ಬದಲಿಗೆ ಬಣ್ಣ ತುಟ್ಟಿ, ಸೆರಗಿನ ರೇಷ್ಮೆ ತುಟ್ಟಿ. ದೇಶಕ್ಕೆ ಕಚ್ಚಾ ರೇಷ್ಮೆ ಚೀನಾದಿಂದಲೂ ಬರುತ್ತದೆ, ಅದು ತುಟ್ಟಿಯಾದರೆ ನಮ್ಮ ಶಿಡ್ಲಘಟ್ಟ, ರಾಮನಗರದ ನೂಲಿನ ದರವೂ ಎದ್ದು ಕೂಡುತ್ತದೆ.

ಇಲ್ಲಿ ಪೆಟ್ಟು ಬೀಳುವ ಕ್ರಮ ಗಮನಿಸಬೇಕು. ನಮ್ಮಲ್ಲಿ ಬಹುತೇಕ ನೇಕಾರರು ಸಾವ್ಕಾರರಿಂದ ನೂಲು ತಂದು, ನೇಯ್ದು, ಸೀರೆ ಕೊಟ್ಟು, ಮಜೂರಿ ಒಯ್ಯುವವರು. ಪ್ಯಾಟಿ ಮಂದವಾದಾಗ ಸಾವ್ಕಾರ ಮೊದಲಿಗೇ ಮಜೂರಿ ಕಡಿಮೆ ಮಾಡುವುದಿಲ್ಲ. ‘ಹಾಸು ಇನ್ನೂ ತಯಾರಾಗಿಲ್ಲ, ಬರೋ ವಾರ ಬಾ’ ಎನ್ನುತ್ತಾನೆ. ತಿಂಗಳಿಗೆ ಹತ್ತು ಸೀರೆ ಕೊಡುತ್ತಿದ್ದ ಮನೆ ಆರಕ್ಕೆ ಇಳಿಯುತ್ತದೆ. ಮಜೂರಿಯ ದರ ಅಷ್ಟೇ, ಮನೆಗೆ ಬರುವ ರೊಕ್ಕ ಶೇ 40 ಕಡಿಮೆ. ಹಾಸು ತಡವಾಗುವುದು ಎರಡು ಸಲ ಆಯಿತೆಂದರೆ ಮಂದಗತಿ ಮನೆ ಬಾಗಿಲಿಗೆ ಬಂದಂತೆ, ಟಿವಿ ನೋಡುವ ಅಗತ್ಯ ಇಲ್ಲ. ಆಗಲೇ ಹೊಸ ಕಂತಿನ ಸಾಮಾನು ನಿಲ್ಲಿಸಬೇಕು. 2020ರ ಲಾಕ್‌ಡೌನ್‌ನಲ್ಲಿ ನೇಯ್ದ ಸೀರೆ ಮನೆಯಲ್ಲೇ ಗಂಟುಕಟ್ಟಿ ಕೂತದ್ದನ್ನು ಇಳಕಲ್, ಗುಳೇದಗುಡ್ಡದ ಮನೆಗಳು ಕಂಡಿವೆ.

ಕೈಮಗ್ಗ ನೇಕಾರರಿಗೆ ರಾಜ್ಯದ ನೇಕಾರ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5,000 ರೂಪಾಯಿ ಖಾತೆಗೆ ಬರುತ್ತದೆ. ನೇಕಾರ ಗುರುತಿನ ಚೀಟಿ, ಆಧಾರ್ ಜೋಡಣೆ ಸರಿ ಇಲ್ಲದೆ ನಿಂತಿದ್ದರೆ ಕೈಮಗ್ಗ ಮತ್ತು ಜವಳಿ ಇಲಾಖೆಯ ಕಚೇರಿಯಲ್ಲಿ ಈಗಲೇ ಸರಿಪಡಿಸಿಕೊಳ್ಳಿ. ದೊಡ್ಡ ಮೊತ್ತ ಅಲ್ಲ ಖರೇ, ಒಂದು ತಿಂಗಳ ಕಾಳುಕಡಿಗೆ ಆಗುತ್ತದೆ.

ಸ್ವಂತ ಘಟಕ ಇಟ್ಟು ಸೀರೆ ತಯಾರಿಸುವವರು, ಕಲ್ಲು ಪಾಲಿಶ್ ಮಾಡುವವರು ಉದ್ಯಮ್ ನೋಂದಣಿ ಮಾಡಿಸಿರಲೇಬೇಕು. ನೋಂದಾಯಿತ ಕಿರು, ಸಣ್ಣ ತಯಾರಕರಿಗೆ ಕೊಳ್ಳುವವನು 45 ದಿನದೊಳಗೆ ರೊಕ್ಕ ಕೊಡಬೇಕೆಂದು ಎಂಎಸ್‌ಎಂಇ ಕಾನೂನು ಹೇಳುತ್ತದೆ. ಲಿಖಿತ ಕರಾರು ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬೆಂಗಳೂರಿನ ದೊಡ್ಡ ಶೋರೂಮಿನವರು ‘ಮಾರಿದ ಮೇಲೆ ಕೊಡ್ತೀವಿ’ ಎಂದರೆ ಈ ಕಾನೂನಿನ ಹೆಸರು ಹೇಳಿದರೂ ಸಾಕು, ದನಿ ಬದಲಾಗುತ್ತದೆ. ಇದು ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಮಾತ್ರ. ತಂದು ಮಾರುವ ಅಂಗಡಿಗೆ ಅನ್ವಯವಿಲ್ಲ.

ಬಾದಾಮಿ

ರೂಪಾಯಿ ಇಳಿದರೆ ಹೊರದೇಶದವರಿಗೆ ನಮ್ಮ ದೇಶ ಸೋವಿ, ಹಾಗಾಗಿ ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಮಂದಿ ಹೆಚ್ಚು ಬರುತ್ತಾರೆ ಎಂಬ ಆಸೆ ಇದೆ. ಬರಲಿ. ಆದರೆ ಗೈಡುಗಳು, ಆಟೊದವರು, ಖಾನಾವಳಿಯವರ ಹೊಟ್ಟೆ ತುಂಬಿಸುವುದು ನವೆಂಬರಿನಿಂದ ಜನವರಿವರೆಗೆ ಬರುವ ಶಾಲಾ ಪ್ರವಾಸದ ಬಸ್ಸು ಮತ್ತು ಬನಶಂಕರಿ ಜಾತ್ರೆಯ ಮಂದಿ. ಮನೆಗಳಲ್ಲಿ ರೊಕ್ಕ ಬಿಗಿಯಾದರೆ ಮಗನ ಪ್ರವಾಸದ ಫೀಯನ್ನೇ ಮೊದಲು ಬೇಡ ಅನ್ನುತ್ತಾರೆ. ಜಾತ್ರೆಗೆ ಮಂದಿ ಬಂದೇ ಬರುತ್ತಾರೆ, ಕೊಳ್ಳುವುದು ಕಡಿಮೆಯಾಗುತ್ತದೆ. ಬೀದಿ ವ್ಯಾಪಾರಿಗಳು ಜಾತ್ರೆಯ ಸರಕಿಗೆ ಬಡ್ಡಿ ಸಾಲ ಮಾಡುವ ಮೊದಲು ಪುರಸಭೆಯಲ್ಲಿ ಪಿಎಂ ಸ್ವನಿಧಿ ಸಾಲ ಕೇಳಿ.

ಬಾದಾಮಿ, ಹುನಗುಂದದ ಹಳ್ಳಿಗಳಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋದವರ ಮನೆಗಳು ಇನ್ನೊಂದು ಸಂಗತಿ ನೋಡಬೇಕು. ಕಟ್ಟಡ ಕೆಲಸ ನಿಂತರೆ ಮೊದಲು ಪಗಾರ ತಡ, ಆಮೇಲೆ ಮಂದಿ ವಾಪಸ್. ಕಟ್ಟಡ ಕಾರ್ಮಿಕ ಕಾರ್ಡಿನ ನವೀಕರಣ, ಪಡಿತರ ಚೀಟಿಯ ಇಕೆವೈಸಿ ಇವನ್ನು ಊರಿಗೆ ಬಂದಾಗಲೇ ಮುಗಿಸಿ.

‘ಇಂದು ನಗದು, ನಾಳೆ ಉದ್ರಿ’

ಈ ಬೋರ್ಡು ಎಲ್ಲ ಅಂಗಡಿಯಲ್ಲಿದೆ, ಅದರ ಕೆಳಗೆ ಉದ್ರಿ ವಹಿಯೂ ಇದೆ. ನಮ್ಮ ಊರುಗಳಲ್ಲಿ ಉದ್ರಿ ಕೊಡದೆ ಅಂಗಡಿ ನಡೆಯದು. ಪಗಾರದ ದಿನ, ಪೀಕು ಮಾರಿದ ದಿನ, ಸೀರೆ ಕೊಟ್ಟ ದಿನ ರೊಕ್ಕ ಬರುವುದು. ಆದರೆ ಬೆಲೆ ಏರುವ ಕಾಲದಲ್ಲಿ ಉದ್ರಿಯ ಲೆಕ್ಕವೇ ಬೇರೆ.

ಅಂಗಡಿಯಲ್ಲಿ 3 ಲಕ್ಷದ ಸರಕಿದೆ, ಹೊರಗೆ 1.5 ಲಕ್ಷ ಉದ್ರಿ ಇದೆ ಎಂದುಕೊಳ್ಳಿ. ಸರಕಿನ ಬೆಲೆ ಶೇ 6 ಏರಿದರೆ ಅದೇ ಕಪಾಟು ತುಂಬಲು 18,000 ರೂಪಾಯಿ ಹೆಚ್ಚು ಬೇಕು. ಎರಡು ತಿಂಗಳಿಗೆ ಬರುತ್ತಿದ್ದ ಉದ್ರಿ ನಾಲ್ಕು ತಿಂಗಳಿಗೆ ಹೋಯಿತು ಅಂದರೆ ಕೈಯಲ್ಲಿರಬೇಕಾದ ರೊಕ್ಕ ಹೊರಗೇ ಉಳಿಯಿತು. ಆಗ ಅಂಗಡಿಕಾರ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಗೆ 50,000 ತರುತ್ತಾನೆ. ತಿಂಗಳಿಗೆ 1,500, ವರ್ಷಕ್ಕೆ 18,000. ಎಣ್ಣೆ, ಸಕ್ಕರೆಯಲ್ಲಿ ಸಿಗುವ ಲಾಭ ಎಷ್ಟೆಂದು ಅಂಗಡಿಕಾರರಿಗೆ ನಾವು ಹೇಳಬೇಕಿಲ್ಲ. ಅಂಗಡಿ ಮುಚ್ಚುವುದು ಹೀಗೆ, ಗಿರಾಕಿ ತುಂಬಿರುವಾಗಲೇ.

ಹಾಗಾದರೆ ಏನು ಮಾಡಬೇಕು? ಉದ್ರಿ ನಿಲ್ಲಿಸಬ್ಯಾಡ್ರಿ, ನಿಲ್ಲಿಸಿದರೆ ಗಿರಾಕಿ ಬಾಜೂದ ಅಂಗಡಿಗೆ ಹೋಗುತ್ತಾನೆ, ಹಳೆ ಬಾಕಿಯೂ ಅವನ ಜತೆ ಹೋಗುತ್ತದೆ. ಮನೆಗಿಷ್ಟು ಎಂದು ಮಿತಿ ಹಾಕಿ, ಹಳೆಯದರಲ್ಲಿ ಅರ್ಧ ಕೊಟ್ಟರೆ ಹೊಸದು ಎನ್ನಿ. ಎಣ್ಣೆ, ಬೇಳೆ, ಸಕ್ಕರೆಯಂಥ ಲಾಭ ಕಡಿಮೆ ಇರುವ ಸರಕು ನಗದಿಗೆ, ಉಳಿದದ್ದಕ್ಕೆ ಉದ್ರಿ. ವಹಿಯಲ್ಲಿ ಗಿರಾಕಿಯ ಸಹಿ ಇರಲಿ. ಇದರಲ್ಲಿ ಯಾವುದೂ ಹೊಸದಲ್ಲ, ಹಳೆಯ ಕಿರಾಣಿಯವರು ಮಾಡುತ್ತಿದ್ದದ್ದೇ.

ಸರಕು ತುಂಬಿಡುವ ಆಸೆ ಇದ್ದವರಿಗೆ 2022ರ ನೆನಪು ಮಾಡಿಕೊಡಬೇಕು. ಆ ವರ್ಷ ಏಪ್ರಿಲ್ 28ರಿಂದ ಇಂಡೊನೇಷ್ಯಾ ಪಾಮ್ ಎಣ್ಣೆ ರಫ್ತು ನಿಲ್ಲಿಸಿತು. ಇನ್ನು ಎಣ್ಣೆಯೇ ಸಿಗದು ಎಂಬ ಗದ್ದಲ ಎದ್ದಿತು. ಮೇ 23ಕ್ಕೆ ನಿಷೇಧ ತೆಗೆದರು, ಜೂನ್, ಜುಲೈನಲ್ಲಿ ಲೋಕದ ಪ್ಯಾಟಿಯಲ್ಲಿ ಪಾಮ್ ಎಣ್ಣೆ ಧೊಪ್ಪನೆ ಬಿತ್ತು. ಸಾಲ ಮಾಡಿ ಡಬ್ಬಿ ಪೇರಿಸಿಟ್ಟವನು ಬಡ್ಡಿಯನ್ನೂ ಕಟ್ಟಿ, ಡಬ್ಬಿಯನ್ನೂ ನಷ್ಟಕ್ಕೆ ಮಾರಬೇಕಾಯಿತು.

ಬ್ಯಾಂಕಿನ ಸಾಲ ಇದ್ದವರಿಗೆ ಒಂದು ಒಳ್ಳೆಯ ಸುದ್ದಿ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.50ರಿಂದ 5.25ಕ್ಕೆ ಇಳಿಸಿತು. ಸಣ್ಣ ಉದ್ಯಮದ ಬದಲಾಗುವ ಬಡ್ಡಿಯ ಸಾಲ ಇದಕ್ಕೆ ಅಥವಾ ಇಂಥದೇ ಹೊರಗಿನ ದರಕ್ಕೆ ಜೋಡಿಸಿರಬೇಕು. ನಿಮ್ಮ ಖಾತೆಗೆ ಆ ಇಳಿಕೆ ಬಂದಿದೆಯೋ ಇಲ್ಲವೋ, ಮ್ಯಾನೇಜರ್ ತಾವಾಗಿ ಹೇಳುವುದು ಅಪರೂಪ. ಕೇಳಬೇಕು.

ನಿಮ್ಮ ಠೇವಣಿ ಎಲ್ಲೈತಿ?

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ಬ್ಯಾಂಕಿನಲ್ಲಿಟ್ಟ ರೊಕ್ಕಕ್ಕೆ ಡಿಐಸಿಜಿಸಿ ಎಂಬ ವಿಮೆ ಇದೆ. 2020ರ ಫೆಬ್ರುವರಿ 4ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ, 5 ಲಕ್ಷದವರೆಗೆ. ಎಲ್ಲ ಶಾಖೆ ಸೇರಿ ಒಂದೇ ಲೆಕ್ಕ. ರಾಷ್ಟ್ರೀಕೃತ ಬ್ಯಾಂಕ್, ಖಾಸಗಿ ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಡಿಸಿಸಿ ಬ್ಯಾಂಕ್, ಪಟ್ಟಣ ಸಹಕಾರಿ ಬ್ಯಾಂಕ್ ಎಲ್ಲಕ್ಕೂ ಇದು ಅನ್ವಯ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಮೊದಲಿಗೆ ತೆಗೆಯಲು ಬಿಟ್ಟದ್ದು 35,000 ರೂಪಾಯಿ. ಆಮೇಲೆ ಸಣ್ಣ ಠೇವಣಿದಾರರ ಕೈಹಿಡಿದದ್ದು ಈ ವಿಮೆಯೇ.

ಪತ್ತಿನ ಸಹಕಾರಿ ಸಂಘ ಮತ್ತು ಪತ್ತಿನ ಸೌಹಾರ್ದ ಸಹಕಾರಿ ಬ್ಯಾಂಕುಗಳಲ್ಲ. ಮೊದಲನೆಯದು 1959ರ ಸಹಕಾರ ಸಂಘಗಳ ಕಾಯ್ದೆಯಡಿ, ಎರಡನೆಯದು 1997ರ ಸೌಹಾರ್ದ ಕಾಯ್ದೆಯಡಿ ನೋಂದಣಿಯಾದದ್ದು. ಇವುಗಳಲ್ಲಿಟ್ಟ ಠೇವಣಿಗೆ ಡಿಐಸಿಜಿಸಿ ವಿಮೆ ಒಂದು ರೂಪಾಯಿಯಷ್ಟೂ ಇಲ್ಲ. ನಮ್ಮ ಜಿಲ್ಲೆಯ ಪ್ರತಿ ಪ್ಯಾಟಿ ಬೀದಿಯಲ್ಲೂ ಇಂಥ ಸಂಘಗಳಿವೆ. ಬಹಳಷ್ಟು ಸಂಘಗಳು ಚಲೋ ನಡೆದಿವೆ, ಬ್ಯಾಂಕ್ ತಿರುಗಿ ನೋಡದ ಮಂದಿಗೆ ಸಾಲ ಕೊಟ್ಟು ಊರು ಉಳಿಸಿವೆ. ನಾವು ಹೇಳುವುದು ಅವು ಕೆಟ್ಟವು ಎಂದಲ್ಲ. ಸಾಲ ತಗೊಂಡ ವ್ಯಾಪಾರಿ, ರೈತ, ನೇಕಾರ ಒಂದೇ ಹೊತ್ತಿಗೆ ಕಂತು ತಪ್ಪಿಸಿದರೆ ಸಂಘದ ಕೈ ಕಟ್ಟುತ್ತದೆ, ಆಗ ಹಿಂದೆ ನಿಲ್ಲುವವರು ಯಾರೂ ಇಲ್ಲ.

ಒಂದು ಶೇಕಡಾ ಬಡ್ಡಿ ಹೆಚ್ಚು ಬರುತ್ತದೆಂದು ಮನೆಯ ಎಲ್ಲ ರೊಕ್ಕ ಒಂದೇ ಸಂಘದಲ್ಲಿ ಇಡಬೇಡಿ. ಸದಸ್ಯರಿದ್ದರೆ ಸಂಘದ ವಾರ್ಷಿಕ ಸಭೆಗೆ ಹೋಗಿ, ಊಟ ಮುಗಿಸಿ ಬರಬೇಡಿ, ಲೆಕ್ಕಪರಿಶೋಧನೆ ವರದಿ ಕೇಳಿ. ಸುಸ್ತಿ ಸಾಲ ಎಷ್ಟು, ಆಡಳಿತ ಮಂಡಳಿಯವರ ಬಳಗಕ್ಕೆ ಕೊಟ್ಟದ್ದೆಷ್ಟು ಎಂದು ನೋಡಿ. ಅವಧಿ ಮುಗಿದ ಠೇವಣಿಯನ್ನು ‘ಇನ್ನೊಂದು ವರ್ಷ ಇಡ್ರಿ’ ಎಂದು ಒತ್ತಾಯಿಸಿದರೆ, ಆ ಒತ್ತಾಯವನ್ನೇ ಸುಳಿವು ಎಂದು ತಿಳಿಯಿರಿ.

ಇದನ್ನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣ ಕೃಷ್ಣಾ ಮೇಲ್ದಂಡೆ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮೂರನೇ ಹಂತಕ್ಕೆ, ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಪರಿಹಾರ ಕೊಡಲು ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಒಪ್ಪಿದೆ. ಹಿಂದಿನ ಮುಳುಗಡೆಯ ರೊಕ್ಕ ಕಾರು, ಮದುವೆ, ಕೈಗಡ ಎಂದು ಹೇಗೆ ಕರಗಿತು ಎಂಬುದು ಹಳೆ ಬಾಗಲಕೋಟೆಯವರಿಗೂ ನವನಗರದವರಿಗೂ ಗೊತ್ತು. ಪರಿಹಾರ ಬಂದ ಮನೆ ಬಾಗಿಲಿಗೆ ಠೇವಣಿ ಕೇಳುವವರು ಮೊದಲು ಬರುತ್ತಾರೆ. 40 ಲಕ್ಷ ಒಂದೇ ಕಡೆ ಇಟ್ಟರೆ ವಿಮೆ 5 ಲಕ್ಷಕ್ಕೆ ಮಾತ್ರ. ಗಂಡ, ಹೆಂಡತಿ, ಮಕ್ಕಳ ಹೆಸರಿನಲ್ಲಿ, ಬೇರೆ ಬೇರೆ ಬ್ಯಾಂಕಿನಲ್ಲಿ ಹಂಚಿ. ಅಂಚೆ ಕಚೇರಿಯ ಠೇವಣಿಗೆ ಕೇಂದ್ರ ಸರ್ಕಾರದ್ದೇ ಹೊಣೆ, ಅದನ್ನೂ ನೋಡಿ.

ಬಂಗಾರ

ರೂಪಾಯಿ ಇಳಿದಾಗ ಬಂಗಾರ ಕಾಯುತ್ತದೆ ಎಂಬುದು ನಮ್ಮ ಅಜ್ಜಿಯರ ಲೆಕ್ಕ, ಅದು ತಪ್ಪಲ್ಲ. 2025ರ ಅಕ್ಟೋಬರಿನಲ್ಲಿ ಬಂಗಾರ ಔನ್ಸಿಗೆ 4,000 ಡಾಲರ್ ದಾಟಿತು. ಆ ದರಕ್ಕೆ 10 ಗ್ರಾಂ, ಡಾಲರ್ 83 ಇದ್ದರೆ ಸುಂಕ ಬಿಟ್ಟು ಸುಮಾರು 1,06,700 ರೂಪಾಯಿ, 90 ಇದ್ದರೆ 1,15,700. ರೂಪಾಯಿಯೊಂದರಿಂದಲೇ 9,000 ಏರಿಕೆ. ಮನೆಯಲ್ಲಿ ಇದ್ದವರಿಗೆ ಸಂತೋಷ, ಮಗಳ ಮದುವೆ ಇದ್ದವರಿಗೆ ಸಂಕಟ.

ಅಪಾಯ ಇರುವುದು ಬಂಗಾರದ ಸಾಲದಲ್ಲಿ. ದರ ಏರಿದಂತೆ ‘ಅದೇ ಬಂಗಾರಕ್ಕೆ ಹೆಚ್ಚು ಸಾಲ ಸಿಗತೈತಿ’ ಎಂದು ಮೇಲೆ ಮೇಲೆ ಎತ್ತುತ್ತಾರೆ. ರಿಸರ್ವ್ ಬ್ಯಾಂಕಿನ ಹೊಸ ನಿಯಮದಂತೆ 2026ರ ಏಪ್ರಿಲ್ 1ರಿಂದ 2.5 ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ ಶೇ 85, 5 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75ರವರೆಗೆ ಕೊಡಬಹುದು. ಕೊಡಬಹುದು ಎಂದ ಮಾತ್ರಕ್ಕೆ ಪೂರ್ತಿ ತಗೊಳ್ಳಬೇಕಿಲ್ಲ. 2013ರ ಏಪ್ರಿಲ್ ನಡುವೆ ಎರಡೇ ವ್ಯಾಪಾರದ ದಿನಗಳಲ್ಲಿ ಲೋಕದ ಪ್ಯಾಟಿಯಲ್ಲಿ ಬಂಗಾರ ಭಾರೀ ಕುಸಿದಿತ್ತು. ಹಾಗೆ ಬಿದ್ದರೆ ಇನ್ನಷ್ಟು ಬಂಗಾರ ತನ್ನಿ ಅಥವಾ ರೊಕ್ಕ ಕಟ್ಟಿ ಎಂದು ಕರೆ ಬರುತ್ತದೆ, ಇಲ್ಲವೇ ಹರಾಜು. ಅರ್ಧ ಬೆಲೆಗಿಂತ ಹೆಚ್ಚು ಸಾಲ ಎತ್ತದವನಿಗೆ ಆ ಕರೆ ಬರುವುದು ಕಷ್ಟ. ಸಾಲ ತೀರಿಸಿದ ಮೇಲೆ 7 ಕೆಲಸದ ದಿನದೊಳಗೆ ಬಂಗಾರ ವಾಪಸ್ ಕೊಡಬೇಕು, ಸಾಲ ಕೊಟ್ಟವರಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದೂ ಅದೇ ನಿಯಮ ಹೇಳುತ್ತದೆ. ಚೀಟಿ ಜೋಪಾನ.

ಸಂಘದ ಕಂತು, ಬಡ್ಡಿ ಸಾಲ

ಹೆಣ್ಣುಮಕ್ಕಳ ಗುಂಪಿನ ಮೈಕ್ರೊ ಫೈನಾನ್ಸ್ ಸಾಲ ಒಂದು ಮನೆಗೆ ಮೂರು ನಾಲ್ಕು ಇರುವುದುಂಟು. ರಿಸರ್ವ್ ಬ್ಯಾಂಕ್ ನಿಯಮದಂತೆ ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು, ವಸೂಲಿಗೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ, ಸಾಲಕ್ಕೆ ಒತ್ತೆ ಕೇಳುವಂತಿಲ್ಲ. ನೋಂದಣಿಯೇ ಇಲ್ಲದ ಲೇವಾದೇವಿಯವರ ಕಿರುಕುಳದ ವಿರುದ್ಧ ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರನ್ನು ಠಾಣೆಯಲ್ಲಿ ಕೊಡಬಹುದು. ಹೆದರಿ ಊರು ಬಿಡುವ ಅಗತ್ಯ ಇಲ್ಲ.

ಹೊರದೇಶದ ನೆಂಟಸ್ತನ ಇದ್ದವರು

ಮಗನಿಗೆ ಹೊರದೇಶದಲ್ಲಿ ಮೆಡಿಕಲ್ ಓದಿಸುವವರ ಲೆಕ್ಕ ಸರಳ. ವರ್ಷಕ್ಕೆ 5,000 ಡಾಲರ್ ಫೀ ಇದ್ದರೆ 83ರ ದರಕ್ಕೆ 4.15 ಲಕ್ಷ, 90ಕ್ಕೆ 4.5 ಲಕ್ಷ. ಕೋರ್ಸ್ ಮುಗಿಯುವವರೆಗಿನ ಫೀಯನ್ನು ಇವತ್ತಿನ ದರಕ್ಕೇ ಎಣಿಸಬೇಡಿ, ಶೇ 10 ಹೆಚ್ಚು ಹಿಡಿದು ನೋಡಿ. ಕೊಲ್ಲಿಯಿಂದ ರೊಕ್ಕ ಕಳಿಸುವವರ ಮನೆಗೆ ಇದು ಲಾಭ. ಯುಎಇ ದಿರ್ಹಮ್ ಡಾಲರಿಗೆ ಗಂಟು ಹಾಕಿಕೊಂಡಿರುವುದರಿಂದ ಡಾಲರ್ 90 ಆದರೆ ದಿರ್ಹಮ್ 24.50ರ ಆಸುಪಾಸು ಬರುತ್ತದೆ. ಇನ್ನೂ ಏರಲಿ ಎಂದು ತಿಂಗಳುಗಟ್ಟಲೆ ಅಲ್ಲೇ ಇಟ್ಟುಕೊಳ್ಳುವ ಬದಲು ಊರಿನ ಬಡ್ಡಿ ಸಾಲ ಇದ್ದರೆ ತೀರಿಸುವುದು ಮೇಲು. ತಿಂಗಳಿಗೆ ಮೂರರ ಬಡ್ಡಿ ವರ್ಷಕ್ಕೆ ಶೇ 36, ಡಾಲರ್ ಒಂದು ವರ್ಷದಲ್ಲಿ ಅಷ್ಟು ಏರುವುದು ಅಪರೂಪ.

ಇಂಥ ಕಾಲದಲ್ಲೇ ‘ಡಾಲರಿನಲ್ಲಿ ಹಾಕ್ರಿ, ತಿಂಗಳಿಗೆ ಶೇ 10’ ಎನ್ನುವ ವಾಟ್ಸ್‌ಆ್ಯಪ್ ಗುಂಪು, ಟ್ರೇಡಿಂಗ್ ಆ್ಯಪ್ ಹುಟ್ಟುತ್ತವೆ. 2019ರಲ್ಲಿ ಮುಳುಗಿದ ಬೆಂಗಳೂರಿನ ಐಎಂಎ ಕೂಡ ಹೆಚ್ಚಿನ ಲಾಭದ ಆಸೆ ತೋರಿಸಿಯೇ ಸಾವಿರಾರು ಕುಟುಂಬಗಳ ರೊಕ್ಕ ತಗೊಂಡಿತ್ತು. ಪರವಾನಗಿ ಇಲ್ಲದ ವಿದೇಶಿ ವಿನಿಮಯ ಆ್ಯಪ್‌ಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ ತನ್ನ ಜಾಲತಾಣದಲ್ಲಿ ಹಾಕಿದೆ. ಆನ್‌ಲೈನ್‌ನಲ್ಲಿ ರೊಕ್ಕ ಹೋದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ತಾಸಿನಲ್ಲಿ ತಿಳಿಸಿದರೆ ಮಾತ್ರ ಆ ಖಾತೆ ತಡೆಹಿಡಿಯುವ ಅವಕಾಶ ಹೆಚ್ಚು, ಠಾಣೆಗೆ ಮರುದಿನ ಹೋದರಾಯಿತು ಎಂದು ಕೂಡಬೇಡಿ.